ಅಲ್ಲಾಡಿಸಿ ತುಂಬಿಸಿದ ಟ್ಯಾಂಕು

ನಮ್ಮ ಕಡೆ ಹಸುವಿಗೂ ಕಾರಿಗೂ ಕೇಳುವ ಪ್ರಶ್ನೆ ಒಂದೇ. ಎಷ್ಟು ಕೊಡುತ್ತೆ? ನನ್ನ ಪುಟ್ಟ ಕೆಂಪು ಕಾರನ್ನು ತುಮಕೂರಿನ ಸದಾಶಿವನಗರದ ಮನೆ ಮುಂದೆ ತಂದು ನಿಲ್ಲಿಸಿದ ದಿನ ಬಣ್ಣ ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ, ಸೀಟು ಮುಟ್ಟಿ ನೋಡಲಿಲ್ಲ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಗೇಟಿನಾಚೆಯಿಂದಲೇ ಎಷ್ಟು ಕೊಡುತ್ತೆ ಎಂದರು. ಹಾಲು ತರುವವನು ಕೇಳಿದ. ಹೂ ಮಾರುವವಳು ಬುಟ್ಟಿ ಇಳಿಸಿ ಕೇಳಿದಳು. ಅವಳ ಅಳಿಯ ಟ್ಯಾಕ್ಸಿ ಓಡಿಸುತ್ತಾನಂತೆ. ಗುಬ್ಬಿಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುವ ಶಾಲೆಯ ಸ್ಟಾಫ್ ರೂಮಿನಲ್ಲಿ, ನಾನು ಹಂಚಿದ ಲಡ್ಡು ಬಾಯಿಗಿಡುವ ಮೊದಲೇ ಎಲ್ಲರೂ ಕೇಳಿ ಮುಗಿಸಿದ್ದರು. ಲೀಟರಿಗೆ ಇಪ್ಪತ್ತು ಕೊಡುತ್ತೆ ಎಂದು ನಾನು ಎಲ್ಲರಿಗೂ ಒಂದೇ ಉತ್ತರ ಹೇಳಿದೆ. ಸ್ಟೀರಿಂಗ್ ಹಿಂದಿನ ಪರದೆ ಹಾಗೆ ತೋರಿಸುತ್ತಿತ್ತು.

ಅದಕ್ಕೆ ಮೊದಲು ನಾನು ವರ್ಷಗಟ್ಟಲೆ ಬಸ್ಸಿನವಳು. ನಮ್ಮೂರಿನ ಗುಬ್ಬಿ ಗೇಟ್ ಸ್ಟಾಪಿನಲ್ಲಿ ನಿಂತು, ಬಂದ ಬಸ್ಸಿಗೆ ನುಗ್ಗಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಊಟದ ಬ್ಯಾಗು ಹಿಡಿದು, ಯಾರದೋ ಬೆವರಿನ ಪಕ್ಕ ಹೋಗಿ ಬಂದವಳು. ಐವತ್ತರ ಹತ್ತಿರ ಬಂದಾಗ ಒಂದು ದಿನ ಸಾಕು ಅನಿಸಿತು. ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಅಲ್ಲಿ ನನ್ನ ಜೊತೆ ಕಲಿಯುತ್ತಿದ್ದ ಹುಡುಗಿಯರು ನನ್ನನ್ನು ಆಂಟಿ ಎನ್ನುತ್ತಿದ್ದರು. ಲೈಸೆನ್ಸ್ ಟೆಸ್ಟಿನಲ್ಲಿ ಆ ಆಂಟಿಯೇ ಮೊದಲು ಪಾಸಾದಳು ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಆಮೇಲೆ ನನ್ನ ಸಂಬಳದಲ್ಲಿ, ನನ್ನ ಹೆಸರಿನಲ್ಲಿ ಕಾರು ತೆಗೆದೆ. ನಮ್ಮನೆಯವರಿಗೆ ಸೈಕಲ್ ಬಿಟ್ಟರೆ ಏನೂ ಓಡಿಸಲು ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ. ಪಕ್ಕದ ಸೀಟಿನಲ್ಲಿ ಪೇಪರ್ ಓದುತ್ತಾ ಕೂರುವುದು ಅವರಿಗೆ ಹೇಳಿ ಮಾಡಿಸಿದ ಕೆಲಸ.

ಓಡಿಸುವುದು ನನಗೆ ಇಷ್ಟ ಎಂದು ನನಗೇ ಗೊತ್ತಿರಲಿಲ್ಲ. ಕಾರು ಅಂದರೆ ಮಳೆಯಲ್ಲಿ ನೆನೆಯದೆ ಹೋಗುವ ಏರ್ಪಾಟು ಎಂದುಕೊಂಡಿದ್ದೆ. ಆದರೆ ಬೆಳಿಗ್ಗೆ ಊರಿನ ಗಲಾಟೆ ಕಳೆದು ಗುಬ್ಬಿ ರಸ್ತೆಗೆ ಬಿದ್ದು, ಮೂರನೇ ಗೇರಿನಿಂದ ನಾಲ್ಕಕ್ಕೆ ಹಾಕಿದಾಗ ಎಂಜಿನ್ನಿನ ದನಿ ಇಳಿದು ಕಾರು ಹಗುರಾಗುತ್ತದಲ್ಲ, ಆ ಕ್ಷಣಕ್ಕೆ ನಾನು ಸೋತುಹೋದೆ. ಎರಡೂ ಬದಿಯಲ್ಲಿ ತೆಂಗಿನ ತೋಟ, ನಡುವೆ ನನ್ನ ಪಾಡಿಗೆ ನಾನು. ಸಣ್ಣ ಕಾರಿನ ಸುಖವೇ ಬೇರೆ. ಎಲ್ಲಿ ಬೇಕಾದರೂ ತಿರುಗುತ್ತದೆ, ಸಂತೆ ಬೀದಿಯಲ್ಲೂ ನುಸುಳುತ್ತದೆ, ನಾನು ಏನು ಹೇಳಿದರೂ ತಕ್ಷಣ ಕೇಳುತ್ತದೆ. ನಮ್ಮ ಮನೆಯಲ್ಲಿ ನನ್ನ ಮಾತು ಹಾಗೆ ಕೇಳುವುದು ಅದೊಂದೇ. ಕೆಲವು ದಿನ ಶಾಲೆ ಬಿಟ್ಟ ಮೇಲೆ ನೆಟ್ಟಗೆ ಮನೆಗೆ ಬರದೆ ಒಳದಾರಿಯಲ್ಲಿ ಒಂದು ಸುತ್ತು ಹಾಕಿಕೊಂಡು ಬರುತ್ತಿದ್ದೆ. ಯಾಕೆ ತಡವಾಯಿತು ಎಂದು ಅತ್ತೆ ಕೇಳಿದರೆ ಟ್ರಾಫಿಕ್ಕು ಎನ್ನುತ್ತಿದ್ದೆ.

ಈ ಸುಖಕ್ಕೆ ಅಡ್ಡ ಬಂದವರು ನಮ್ಮ ಭಾವ, ಅಂದರೆ ನಮ್ಮನೆಯವರ ಅಣ್ಣ. ಅದೇ ಊರಿನ ಶೆಟ್ಟಿಹಳ್ಳಿ ಬಡಾವಣೆಯಲ್ಲಿ ಅವರ ಮನೆ. ಒಳ್ಳೆಯ ಮನುಷ್ಯ, ಕಷ್ಟ ಅಂದರೆ ಓಡಿ ಬರುವವರು. ಆದರೆ ನಮ್ಮ ಎರಡೂ ಮನೆಗಳಲ್ಲಿ ಚಕ್ರ ಇರುವ ಯಾವ ವಸ್ತುವಿನ ಬಗ್ಗೆಯೂ ಕೊನೆಯ ಮಾತು ಅವರದೇ. ಮಗುವಿಗೆ ವಾಕರ್ ತಂದರೂ ಅದನ್ನು ತಿರುಗಿಸಿ ಮುರುಗಿಸಿ ಚಕ್ರ ನೋಡಿ ತೀರ್ಪು ಕೊಡುವವರು. ಅವರ ಹಳೆಯ ದೊಡ್ಡ ಡೀಸೆಲ್ ಗಾಡಿ ಮುದಿಯಾಗಿತ್ತು. ಅದನ್ನೂ ನನ್ನ ಕಾರನ್ನೂ ಕೊಟ್ಟುಬಿಟ್ಟು, ಎರಡೂ ಮನೆಗೆ ಸೇರಿ ಏಳು ಸೀಟಿನ ಒಂದು ದೊಡ್ಡ ಗಾಡಿ ತರೋಣ ಎಂಬುದು ಅವರ ಯೋಜನೆ. ಗಾಡಿ ಶೆಟ್ಟಿಹಳ್ಳಿಯಲ್ಲಿ ನಿಲ್ಲುತ್ತದೆ, ಯಾಕೆಂದರೆ ನಮ್ಮ ಗೇಟಿನಲ್ಲಿ ಅದು ಹಿಡಿಯುವುದಿಲ್ಲ. ಓಡಿಸುವವರು ಭಾವ, ಯಾಕೆಂದರೆ ಅಷ್ಟು ದೊಡ್ಡ ಗಾಡಿ ಹೆಂಗಸಿನ ಕೈಗೆ ಯಾಕೆ. ನಾನು? ನನಗೆ ಗುಬ್ಬಿಗೆ ಬಸ್ಸು ಇದ್ದೇ ಇದೆಯಲ್ಲ.

ನಾನು ಒಪ್ಪಲಿಲ್ಲ. ನನ್ನ ಕಾರು ಇಪ್ಪತ್ತು ಕೊಡುತ್ತದೆ, ಯಾಕೆ ಮಾರಬೇಕು ಎಂದೆ. ಭಾವ ನಕ್ಕರು. ಪರದೆ ತೋರಿಸುವುದು ಕಂಪನಿಯವರು ಬರೆದುಕೊಟ್ಟ ಸುಳ್ಳು, ಈಗಿನ ಪೆಟ್ರೋಲಿಗೆ ಎಥನಾಲ್ ಬೇರೆ ಬೆರೆಸುತ್ತಾರೆ, ಟ್ಯಾಂಕು ಫುಲ್ ಮಾಡಿ ಓಡಿಸಿ ಮತ್ತೆ ಫುಲ್ ಮಾಡಿದರೆ ಬಣ್ಣ ಬಯಲಾಗುತ್ತದೆ ಎಂದರು. ಆಗಲಿ ಎಂದೆ. ಅದು ನ್ಯಾಯವಾದ ಪರೀಕ್ಷೆಯೇ. ತುಂಬಿದ ಟ್ಯಾಂಕಿನಿಂದ ಹೊರಟು, ಬಂದು ಮತ್ತೆ ತುಂಬಿಸಿದರೆ ಎಷ್ಟು ಹಿಡಿಯಿತೋ ಅಷ್ಟೇ ಕುಡಿದಿದೆ ಎಂದು ಅರ್ಥ.

ನಮಗೆಲ್ಲ ರಜೆ ಇದ್ದ ಒಂದು ಶನಿವಾರ ಭಾವನೇ ಸ್ಟೀರಿಂಗ್ ಹಿಡಿದರು. ನಮ್ಮನೆಯವರು ಅವರ ಪಕ್ಕ, ನಾನೂ ಅತ್ತೆಯೂ ಹಿಂದೆ. ನನ್ನ ಕಾರಿನಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ಕಾರು ನನ್ನದಲ್ಲ ಅನಿಸಿತು, ಹೊಟ್ಟೆ ಉರಿಯಿತು. ಬಂಕಿಗೆ ಹೋದಾಗ ಒಂಬತ್ತಕ್ಕೆ ಸ್ವಲ್ಪವೇ ಬಾಕಿ ಇತ್ತು. ಶನಿವಾರ ಒಂಬತ್ತಕ್ಕೆ ರಾಹುಕಾಲ ಶುರು. ನಮ್ಮ ಭಾವ ರಾಹುಕಾಲದಲ್ಲಿ ಹಲ್ಲೂ ಉಜ್ಜುವವರಲ್ಲ. ಹಾಕಪ್ಪ ಬೇಗ ಎಂದು ಅವಸರ ಮಾಡಿದರು. ಬಂಕಿನವನು ಟಕ್ ಎಂದು ತಾನಾಗಿ ನಿಂತ ಪೈಪನ್ನು ತೆಗೆದು ಮುಚ್ಚಳ ಹಾಕಿದ. ಭಾವ ಕಿಲೋಮೀಟರಿನ ಮೀಟರನ್ನು ಸೊನ್ನೆಗೆ ತಂದು, ಗಡಿಯಾರ ನೋಡಿ, ಗಾಡಿ ರಸ್ತೆಗಿಳಿಸಿಯೇಬಿಟ್ಟರು.

ತುಮಕೂರಿಂದ ಗುಬ್ಬಿ, ಗುಬ್ಬಿಯಿಂದ ಒಳದಾರಿಯಲ್ಲಿ ಕುಣಿಗಲ್, ಅಲ್ಲಿಂದ ಹೆಬ್ಬೂರಿನ ಮೇಲೆ ವಾಪಸ್ ತುಮಕೂರು. ಭಾವ ಓಡಿಸುವ ರೀತಿ ಹೇಗೆಂದರೆ, ಹಂಪು ಕಾಣುವವರೆಗೆ ಎಕ್ಸಿಲರೇಟರ್, ಹಂಪಿನ ತಲೆ ಮೇಲೆ ಬ್ರೇಕು. ಇಳಿಜಾರು ಬಂದರೆ ನ್ಯೂಟ್ರಲ್, ಪೆಟ್ರೋಲು ಉಳಿಯುತ್ತದಂತೆ. ಪ್ರತಿ ಸಲ ಗೇರು ಬದಲಿಸುವಾಗಲೂ ನನ್ನ ಕಾರು ಕೆಮ್ಮಿದ ಹಾಗಾಗುತ್ತಿತ್ತು. ಅವರ ದೊಡ್ಡ ಗಾಡಿಯ ಕ್ಲಚ್ಚನ್ನು ತುಳಿದು ಅಭ್ಯಾಸವಾದ ಕಾಲು, ಪಾಪ, ಎಲ್ಲಿ ಹಗುರಾಗಬೇಕು.

ವಾಪಸ್ ಬಂದು ಅದೇ ಬಂಕಿನಲ್ಲಿ ನಿಂತಾಗ ಯಾವ ಕಾಲವೂ ಅವರನ್ನು ಓಡಿಸುತ್ತಿರಲಿಲ್ಲ. ಪೈಪು ಟಕ್ ಎಂದಿತು. ಬಂಕಿನವನು ತೆಗೆಯಹೋದ. ಭಾವ ತಡೆದು ಕೆಳಗಿಳಿದರು. ನಮ್ಮ ಕಡೆಯ ಗಂಡಸರು ಟ್ಯಾಂಕು ಫುಲ್ ಮಾಡಿಸುವುದನ್ನು ನೀವು ನೋಡಿರಬಹುದು. ಬೈಕಾದರೆ ಎರಡು ಕಾಲಿನ ನಡುವೆ ಇಟ್ಟುಕೊಂಡು, ಕಾರಾದರೆ ಬಾಗಿಲ ಕಂಬ ಹಿಡಿದು, ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಾರೆ. ಒಳಗಿನ ಗಾಳಿ ಹೊರಗೆ ಬಂದು ಇನ್ನಷ್ಟು ಹಿಡಿಯುತ್ತದೆ. ಭಾವ ಅಂಗಿ ತೋಳು ಮಡಚಿ ಅಲ್ಲಾಡಿಸಿದರು. ಹಿಂದೆ ಕೂತಿದ್ದ ನಾನೂ ಅತ್ತೆಯೂ ತೊಟ್ಟಿಲಿನ ಮಕ್ಕಳ ಹಾಗೆ ತೂಗಿದೆವು. ಹಾಕು, ಅಲ್ಲಾಡಿಸು, ಹಾಕು, ಅಲ್ಲಾಡಿಸು. ಟ್ಯಾಂಕಿನ ಬಾಯಲ್ಲಿ ಪೆಟ್ರೋಲು ಕಾಣುವವರೆಗೆ ಬಿಡಲಿಲ್ಲ.

ಕಾರು ಓಡಿದ್ದು ನೂರಾ ಆರು ಕಿಲೋಮೀಟರು, ಹಿಡಿದದ್ದು ಎಂಟು ಲೀಟರು ಚಿಲ್ಲರೆ. ಭಾವ ಫೋನಿನಲ್ಲಿ ಭಾಗಾಕಾರ ಮಾಡಿ ನನ್ನ ಕಡೆ ತಿರುಗಿಸಿ ತೋರಿಸಿದರು.

"ಹದಿಮೂರು ಕೊಟ್ಟೈತೆ ಕಣಮ್ಮ ನಿನ್ ಗಾಡಿ. ನನ್ ಹಳೇ ಡೀಸೆಲ್ಲೇ ಇದಕ್ಕಿಂತ ವಾಸಿ."

ನನಗೆ ಅವಮಾನವಾಯಿತು, ಮಕ್ಕಳ ರಿಸಲ್ಟ್ ಕೆಟ್ಟಾಗ ಆಗುವಂಥ ಅವಮಾನ. ಆ ರಾತ್ರಿಯ ಊಟಕ್ಕೆ ಮೊದಲೇ ಎಲ್ಲ ತೀರ್ಮಾನವಾಗಿಹೋಯಿತು. ಭಾವನಿಗೆ ಗೊತ್ತಿರುವ ಹಳೆ ಕಾರಿನ ವ್ಯಾಪಾರಿಯೊಬ್ಬರು ನನ್ನ ಕಾರನ್ನು ತೆಗೆದುಕೊಳ್ಳಲು ತಯಾರಿದ್ದರು. ಒಂದು ವಾರದೊಳಗೆ ಹೂಂ ಅನ್ನಬೇಕಿತ್ತು. ನಮ್ಮನೆಯವರು ಅಣ್ಣನ ಎದುರು ತಲೆಯಾಡಿಸಿದರು. ಅವರು ಹುಟ್ಟಿದಾಗಿನಿಂದ ಅಣ್ಣನ ಎದುರು ಬೇರೆ ದಿಕ್ಕಿಗೆ ತಲೆಯಾಡಿಸಿದವರಲ್ಲ. ನನ್ನನ್ನು ಒಂದು ಮಾತು ಕೇಳಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಕಾರು ಹೋಗುವುದಕ್ಕಿಂತ ಅದೇ ಹೆಚ್ಚು ನೋವು ಕೊಟ್ಟಿತು. ಅವರೊಡನೆ ಜಗಳವಾಡಲಿಲ್ಲ. ಎರಡು ದಿನ ಮುದ್ದೆಯನ್ನು ಸ್ವಲ್ಪ ಜೋರಾಗಿ ತಟ್ಟೆಗೆ ಹಾಕಿದೆ, ಅಷ್ಟೆ.

ಕಾರಿನ ಮೇಲೂ ಸಿಟ್ಟು ಬಂದಿತ್ತು. ಗುಬ್ಬಿಗೆ ಹೋಗುವಾಗ ಅದರ ಪರದೆ ನೋಡಿ, ಸುಳ್ಳಿ, ನನ್ನ ಮಾನ ಕಳೆದೆ ಎಂದು ಬೈದದ್ದೂ ಉಂಟು. ಅದು ಇಪ್ಪತ್ತೊಂದು ತೋರಿಸುತ್ತಾ ತನ್ನ ಪಾಡಿಗೆ ಹೋಗುತ್ತಿತ್ತು.

ಆ ವಾರದ ಮಧ್ಯೆ ಒಂದು ಸಂಜೆ ಮಿಲ್ಲಿನಿಂದ ರಾಗಿ ಹಿಟ್ಟು ತಂದೆ. ಸ್ಟೀಲ್ ಡಬ್ಬಕ್ಕೆ ಸುರಿದೆ. ಡಬ್ಬ ಕಂಠದವರೆಗೆ ತುಂಬಿತು, ಚೀಲದಲ್ಲಿ ಇನ್ನೂ ಹಿಟ್ಟು ಉಳಿಯಿತು. ಯಾವಾಗಲೂ ಮಾಡುವಂತೆ ಡಬ್ಬವನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿ ಕುಲುಕಿದೆ. ಹಿಟ್ಟು ಕೆಳಗಿಳಿಯಿತು, ಉಳಿದದ್ದೂ ಸಲೀಸಾಗಿ ಹಿಡಿಯಿತು. ಡಬ್ಬದ ಮುಚ್ಚಳ ಕೈಯಲ್ಲಿ ಹಿಡಿದೇ ನಾನು ಅಡುಗೆಮನೆಯ ನಡುವೆ ನಿಂತುಬಿಟ್ಟೆ. ಹೋಗುವಾಗ ಕುಲುಕಿರಲಿಲ್ಲ! ಹೋಗುವಾಗ ರಾಹುಕಾಲ ಅಟ್ಟಿಸಿಕೊಂಡು ಬರುತ್ತಿತ್ತು, ಟಕ್ ಎಂದ ಕೂಡಲೇ ಹೊರಟಿದ್ದೆವು. ಬಂದಾಗ ಮಾತ್ರ ಬಾಯಿ ತುಂಬ ಕುಲುಕಿ ತುಂಬಿಸಿದ್ದರು. ಹೊರಡುವಾಗಲೇ ಖಾಲಿ ಇದ್ದ ಜಾಗಕ್ಕೆ ಬಿದ್ದ ಪೆಟ್ರೋಲನ್ನೂ ನನ್ನ ಕಾರು ಕುಡಿದ ಲೆಕ್ಕಕ್ಕೆ ಸೇರಿಸಿದ್ದರು. ನನ್ನ ಕಾರು ಸುಳ್ಳಿಯಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ ಗೇಟು ತೆಗೆದು ಅದರ ಬಾನೆಟ್ ಸವರಿ ಬಂದೆ. ಬೆಳಿಗ್ಗೆ ಹಾಲಿನವನು ಅದಕ್ಕೇನು ಪೌಡರ್ ಹಾಕಿದ್ದೀರಾ ಎಂದು ಕೇಳಿದ.

ಭಾವನಿಗೆ ಫೋನ್ ಮಾಡಿ ವಿವರಿಸಿದೆ. ಡಬ್ಬದ ಕಥೆಯನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಅಡುಗೆಮನೆ ಲೆಕ್ಕ ಗಾಡಿಗೆ ಬರುವುದಿಲ್ಲ ಎಂದರು. ಹಾಗಾದರೆ ಇನ್ನೊಂದು ಸಲ ಹೋಗೋಣ ಎಂದೆ. ಅದೇ ದಾರಿ, ಅದೇ ಬಂಕು, ಅದೇ ನಾಲ್ಕು ಜನ. ಓಡಿಸುವುದು ನಾನು. ಎರಡು ಸಲವೂ ಅಲ್ಲಾಡಿಸುವುದು ಅವರೇ. ಕೊನೆಯ ಮಾತು ಅವರಿಗೆ ಬಹಳ ಹಿಡಿಸಿತೆಂದು ಕಾಣುತ್ತದೆ, ಒಪ್ಪಿದರು. ಆದರೆ ಎ.ಸಿ. ಹಾಕಿಯೇ ಓಡಿಸಬೇಕು, ಆಮೆಯ ಹಾಗೆ ಹೋಗಿ ಗೆದ್ದೆ ಅನ್ನಬಾರದು, ಹೋದ ಸಲದ ಹೊತ್ತಿಗೇ ಬಂದು ಮುಟ್ಟಬೇಕು ಎಂದು ಷರತ್ತು ಹಾಕಿದರು. ಸೋತರೆ ಕಾರಿನ ಕಾಗದಕ್ಕೆ ನಾನೇ ಸಹಿ ಹಾಕುತ್ತೇನೆ ಎಂದೆ.

ಭಾನುವಾರ ಬೆಳಿಗ್ಗೆ ಬಂಕಿನಲ್ಲಿ ನಿಂತಾಗ ಪೈಪು ಟಕ್ ಎಂದಿತು. ನಾನು ಕಿಟಕಿಯಿಂದ ತಲೆ ಹಾಕಿ ಹೇಳಿದೆ:

"ಭಾವ, ಇವತ್ತು ರಾಹುಕಾಲ ಸಾಯಂಕಾಲಕ್ಕೆ. ನಿಧಾನಕ್ಕೆ ಅಲ್ಲಾಡ್ಸಿ."

ಅವರು ನನ್ನನ್ನು ಒಂದು ಸಲ ನೋಡಿ, ತೋಳು ಮಡಚಿದರು. ಹಾಕಿದಷ್ಟೂ ಹಿಡಿಯುತ್ತಾ ಹೋಯಿತು. ಟಕ್ ಎಂದ ಮೇಲೂ ಮೂರು ಲೀಟರಿನಷ್ಟು ಒಳಗೆ ಹೋದದ್ದನ್ನು ಅವರೂ ನೋಡಿದರು, ನಾನೂ ನೋಡಿದೆ. ನಾನು ಬಾಯಿಗೆ ಬೀಗ ಹಾಕಿಕೊಂಡೆ, ಅದು ನನಗೆ ಎಷ್ಟು ಕಷ್ಟವಾಯಿತೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಭಾವ ನನ್ನ ಪಕ್ಕ ಕೂತರು, ನಮ್ಮನೆಯವರೂ ಅತ್ತೆಯೂ ಹಿಂದೆ. ಅವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಗುಬ್ಬಿಯವರೆಗೆ ನಾನು ದಿನಾ ಹೋಗುವ ರಸ್ತೆ. ಎಲ್ಲಿ ಹಂಪಿದೆ, ಎಲ್ಲಿ ಆಟೋಗಳು ಅಡ್ಡ ಬರುತ್ತವೆ, ಯಾವ ತಿರುವಿನಲ್ಲಿ ಬಸ್ಸು ದಿಢೀರನೆ ನಿಲ್ಲುತ್ತದೆ ಎಂಬುದೆಲ್ಲ ನನ್ನ ಕಾಲಿಗೇ ಗೊತ್ತು. ಹಂಪು ದೂರದಲ್ಲಿರುವಾಗಲೇ ಕಾಲು ತೆಗೆದುಬಿಡುತ್ತಿದ್ದೆ; ಕಾರು ತಾನಾಗಿ ಇಳಿದು, ಬ್ರೇಕು ಕೇಳದೆ ಹಂಪು ಹತ್ತಿ ಇಳಿಯುತ್ತಿತ್ತು. ಮೊದಲು ಒಂದೆರಡು ಕಡೆ ಭಾವ ಖಾಲಿ ನೆಲವನ್ನು ಬ್ರೇಕಿನ ಹಾಗೆ ತುಳಿದರು. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕು ಎಂದರು. ಗೇರಿನಲ್ಲಿದ್ದರೆ ಹಿಡಿತ ಇರುತ್ತದೆ, ಕಾಲು ತೆಗೆದರೆ ಪೆಟ್ರೋಲೂ ಹೋಗುವುದಿಲ್ಲ ಎಂದೆ. ಹಿಂದಿನಿಂದ ಅತ್ತೆ, ಅವಳು ಓಡಿಸುವಾಗ ನೀನು ಸುಮ್ಮನಿರು ಎಂದು ಮಗನಿಗೆ ಗದರಿದರು. ಅತ್ತೆ ನನ್ನ ಪರವಾಗಿ ಮಾತಾಡಿದ್ದು ಅಪರೂಪ. ನನಗೆ ಎರಡು ಗೇರು ಜಾಸ್ತಿ ಸಿಕ್ಕ ಹಾಗಾಯಿತು.

ಗುಬ್ಬಿಯ ಆಚೆ ಒಳದಾರಿಗೆ ಇಳಿದ ಮೇಲೆ ನನ್ನ ಗ್ರಹಚಾರ ಶುರುವಾಯಿತು. ಸುಗ್ಗಿಯ ಕಾಲ. ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು, ಹೋಗಿ ಬರುವ ಗಾಡಿಗಳ ಚಕ್ರದಲ್ಲಿ ಕಾಳು ಬಿಡಲಿ ಎಂದು. ಅದರ ಮೇಲೆ ಹೋಗುವುದೆಂದರೆ ಹಾಸಿಗೆ ಮೇಲೆ ಕಾರು ಓಡಿಸಿದ ಹಾಗೆ, ಎಂಜಿನ್ನು ಎಳೆಯುತ್ತದೆ. ಪರದೆಯಲ್ಲಿ ಅಂಕಿ ಇಳಿಯುವುದು ಕಂಡು ನನಗೆ ಜೀವ ಹೋಗುತ್ತಿತ್ತು. ಒಕ್ಕಣೆಯ ಹೆಂಗಸು ಒಬ್ಬಳು ರಸ್ತೆ ಬದಿಯಲ್ಲಿ ನಿಂತು, ನಿಧಾನವಾಗಿ ಮೇಲೇ ಹೋಗಿ ಎಂದು ಕೈ ಮಾಡಿದಳು. ಭಾವ ಖುಷಿಯಿಂದ, ಹೋಗು ಹೋಗು, ಪುಣ್ಯ ಬರುತ್ತದೆ ಎಂದರು. ಹೋದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಮುಂದೆ ತೆಂಗಿನ ಸಿಪ್ಪೆ ತುಂಬಿದ ಟ್ರಾಕ್ಟರು. ಬಹಳ ದೂರ ಅದರ ಹಿಂದೆಯೇ ಎರಡನೇ ಗೇರಿನಲ್ಲಿ ತೆವಳಿದೆ. ಹೊತ್ತು ಮೀರುತ್ತಿತ್ತು. ಕೊನೆಗೆ ಕೆರೆ ಏರಿಯ ಆಚೆ ರಸ್ತೆ ನೆಟ್ಟಗಾಗಿ, ಎದುರು ಏನೂ ಇಲ್ಲದ್ದು ಕಂಡಿತು. ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದೆ. ನನ್ನ ಪುಟ್ಟ ಕಾರು ಒಂದು ಸಲ ಉಸಿರೆಳೆದುಕೊಂಡು ಟ್ರಾಕ್ಟರನ್ನು ದಾಟಿ ಮುಂದೆ ಹೋದಾಗ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪೆಟ್ರೋಲು ಹೋದರೆ ಹೋಗಲಿ ಅನಿಸಿತು. ಆ ಒಂದು ಗಳಿಗೆ ನನಗೆ ಲೆಕ್ಕವೂ ಬೇಡವಾಗಿತ್ತು, ಭಾವನೂ ಬೇಡವಾಗಿದ್ದರು.

ಕುಣಿಗಲ್‌ನಲ್ಲಿ ಅತ್ತೆಯ ತಮ್ಮನ ಮನೆ. ಹೋದ ಸಲ ಬಾರದೆ ಹೋದಿರಿ ಎಂದು ಈ ಸಲ ಊಟ ಮಾಡಿಸದೆ ಬಿಡಲಿಲ್ಲ. ಊಟವಾದ ಮೇಲೆ ನಾನು ಹೆದರಿದ್ದೇ ಆಯಿತು. ಅತ್ತೆಯ ತಮ್ಮ ಡಿಕ್ಕಿ ತೆಗೆಸಿ ಒಂದು ಮೂಟೆ ತೆಂಗಿನಕಾಯಿ ಇಡಿಸಿದರು. ಅದರ ಮೇಲೆ ಅರ್ಧ ಮೂಟೆ ರಾಗಿ. ಇನ್ನೂ ಜಾಗ ಇದೆಯಲ್ಲ ಎಂದು ಒಂದು ಬಾಳೆಗೊನೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ತವರಿನಿಂದ ಅತ್ತೆ ಬರಿಗೈಯಲ್ಲಿ ಬರಬೇಕೇ? ಕಾರಿನ ಹಿಂಭಾಗ ಕೂತುಹೋಯಿತು. ನಮ್ಮನೆಯವರು ಅದನ್ನು ನೋಡಿ, ಭಾರ ಜಾಸ್ತಿ ಆಯಿತಲ್ಲವಾ ಎಂದು ಮೆಲ್ಲಗೆ ಕೇಳಿದರು. ಹೂಂ ಎಂದೆ. ಸೋತರೂ ಸರಿ, ಕಾಯಿ ಇಳಿಸಿ ಗೆಲ್ಲುವುದಿಲ್ಲ ಎಂದೆ. ಆಮೇಲೆ ದಾರಿಯಲ್ಲಿ ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅವರು ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಪೇಪರ್ ಬಿಚ್ಚಿರಲೇ ಇಲ್ಲ.

ಹೆಬ್ಬೂರು ರಸ್ತೆಯಲ್ಲಿ ಕಾರು ಭಾರಕ್ಕೆ ಹೊಂದಿಕೊಂಡಿತು. ಮೂಟೆಗಳು ಕೂತ ಕಡೆ ಕೂತವು, ಕುಲುಕಾಟವೂ ಕಡಿಮೆಯಾಯಿತು. ನಾನು ಒಂದೇ ಹದದಲ್ಲಿ ಹೋದೆ. ಏರು ಬಂದರೆ ಮೊದಲೇ ಸ್ವಲ್ಪ ವೇಗ ಕೂಡಿಸಿಕೊಂಡು, ನೆತ್ತಿ ಮುಟ್ಟುವ ಮುಂಚೆ ಕಾಲು ಸಡಿಲಿಸಿ, ಇಳಿಜಾರಿನಲ್ಲಿ ಅದರ ಪಾಡಿಗೆ ಬಿಟ್ಟು. ಹೀಗೆ ಓಡಿಸುವುದರಲ್ಲಿ ಒಂದು ಲಯವಿದೆ, ಅದು ಸಿಕ್ಕಿದರೆ ಪೆಟ್ರೋಲು ಉಳಿಯುವುದೂ ಖುಷಿಯಾಗುವುದೂ ಬೇರೆ ಬೇರೆ ಅಲ್ಲ. ಅರ್ಧ ದಾರಿಯಲ್ಲಿ ಪಕ್ಕದಿಂದ ಏನೋ ಸದ್ದು ಬಂದ ಹಾಗಾಯಿತು. ತಿರುಗಿ ನೋಡಿದರೆ ಭಾವ ಗಾಜಿಗೆ ತಲೆ ಒರಗಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಬಸ್ಸಿನಲ್ಲೂ ಡ್ರೈವರನಿಗೆ ಸಲಹೆ ಕೊಡುವ ಜೀವ ಅದು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಲೈಸೆನ್ಸು ಕೊಟ್ಟ ಆಫೀಸರು ಕೂಡ ನನಗೆ ಇಂಥ ಸರ್ಟಿಫಿಕೇಟು ಕೊಟ್ಟಿರಲಿಲ್ಲ.

ಬಂಕಿಗೆ ಬಂದಾಗ ಅವರನ್ನು ಎಬ್ಬಿಸಿದೆ. ಊಟಕ್ಕೆ ನಿಂತ ಹೊತ್ತು ಕಳೆದರೆ ಹೋದ ಸಲಕ್ಕಿಂತ ಬೇಗನೆ ಬಂದಿದ್ದೆವು. ಭಾವ ಕಣ್ಣುಜ್ಜಿ ಗಡಿಯಾರ ನೋಡಿದರು, ಕಿಲೋಮೀಟರ್ ನೋಡಿದರು, ಅದೇ ನೂರಾ ಆರು. ಕೆಳಗಿಳಿದರು. ಪೆಟ್ರೋಲು ಒಳಗೆ ಹೋಗತೊಡಗಿತು. ನನಗೆ ಪಂಪಿನ ಅಂಕಿ ನೋಡಲು ಧೈರ್ಯ ಸಾಲದೆ ಸ್ಟೀರಿಂಗ್ ಹಿಡಿದು ಎದುರಿಗೇ ನೋಡುತ್ತಾ ಕೂತೆ. ಈ ಕಾರು ಹೋದರೆ ನಾಳೆಯಿಂದ ಮತ್ತೆ ಕಂಬಿ ಹಿಡಿದು ನಿಲ್ಲಬೇಕು ಎಂದು ಒಂದೇ ಯೋಚನೆ. ಟಕ್ ಎಂದಿತು. ಟಕ್ ಎಂದದ್ದು ಎಷ್ಟು ಬೇಗ ಎಂದರೆ ನಾನು ಕೆಟ್ಟುಹೋಯಿತೇನೋ ಅಂದುಕೊಂಡೆ. ಭಾವ ಅಲ್ಲಾಡಿಸಿದರು. ಮತ್ತೆ ಹಾಕಿಸಿದರು. ಕಾಯಿ ಮೂಟೆ, ರಾಗಿ, ಬಾಳೆಗೊನೆ, ಅತ್ತೆ, ನಮ್ಮನೆಯವರು, ನಾನು ಎಲ್ಲ ಒಟ್ಟಿಗೆ ತೂಗಿದೆವು. ಅವರು ಮೈಮೇಲೆ ಬಂದವರ ಹಾಗೆ ಅಲ್ಲಾಡಿಸುತ್ತಿದ್ದರು. ಸಾರ್, ಆಚೆ ಬರುತ್ತೆ ಎಂದು ಬಂಕಿನವನು ಪೈಪು ಹಿಂದಕ್ಕೆಳೆದುಕೊಂಡ. ಟ್ಯಾಂಕಿನ ಬಾಯಲ್ಲಿ ಪೆಟ್ರೋಲು ಹೊಳೆಯುತ್ತಿತ್ತು.

ಐದು ಲೀಟರು, ಅದರ ಮೇಲೆ ಒಂದು ಚೂರು.

ಭಾವ ಫೋನು ತೆಗೆದು ಭಾಗಾಕಾರ ಮಾಡಿದರು. ತಪ್ಪಾಗಿರಬಹುದೆಂದು ಅಳಿಸಿ ಇನ್ನೊಂದು ಸಲ ಮಾಡಿದರು. ಇಪ್ಪತ್ತೊಂದಕ್ಕೆ ಒಂದು ಎಳೆ ಕಡಿಮೆ. ನಾನು ಅವರ ಮುಖ ನೋಡಿದೆ. ಅವರು ಟ್ಯಾಂಕಿನ ಮುಚ್ಚಳವನ್ನು ತಾವೇ ತಿರುಗಿಸಿ ಭದ್ರ ಮಾಡಿ, ಕಿಟಕಿಯ ಹತ್ತಿರ ಬಂದರು.

"ಕೊಡ್ತೈತೆ ಕಣಮ್ಮ," ಎಂದರು. "ಮೂಟೆ ಹೊತ್ಕೊಂಡೂ ಕೊಟ್ಟೈತೆ."

ನಾನು ಕುಣಿಯಲಿಲ್ಲ ಅಷ್ಟೆ. ಗೆದ್ದೆ, ಸರಿಯಾಗಿ ಗೆದ್ದೆ, ನನ್ನ ಕಾರೂ ನಾನೂ ಒಟ್ಟಿಗೆ ಗೆದ್ದೆವು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಹಿಂದೆ ಗಾಡಿಗಳು ಕಾಯುತ್ತಿದ್ದುದರಿಂದ ಕಾರನ್ನು ಬಂಕಿನಾಚೆ, ಗಾಳಿ ಹಾಕುವ ಜಾಗದ ಹತ್ತಿರ ತಂದು ನಿಲ್ಲಿಸಿದೆ. ಭಾವ ನಡೆದುಕೊಂಡೇ ಬಂದರು. ಬರುತ್ತಾ ಬರುತ್ತಾ ಅವರ ಮಾತು ಮತ್ತೆ ದಾರಿ ಹಿಡಿದಿತ್ತು. ಮೈಲೇಜು ಸರಿ, ಒಪ್ಪಿದೆ, ಆದರೂ ಎರಡು ಮನೆಗೆ ಸೇರಿ ಒಂದು ದೊಡ್ಡ ಗಾಡಿ ಇದ್ದರೆ ಅದರ ಅನುಕೂಲವೇ ಬೇರೆ, ನಿಧಾನವಾಗಿ ಯೋಚನೆ ಮಾಡೋಣ ಎನ್ನುತ್ತಿದ್ದರು. ನನ್ನ ಖುಷಿ ಅಲ್ಲೇ ಅರ್ಧ ಇಳಿಯಿತು. ಇದು ಮೈಲೇಜಿನ ಮಾತೇ ಆಗಿರಲಿಲ್ಲವಲ್ಲ ಎಂದು ಆಗ ಹೊಳೆಯಿತು.

ಅಷ್ಟರಲ್ಲಿ ನಮ್ಮನೆಯವರ ಫೋನ್ ಹೊಡೆದುಕೊಂಡಿತು. ಹಳೆ ಕಾರಿನ ವ್ಯಾಪಾರಿ. ವಾರ ಮುಗಿಯಿತು, ಏನು ತೀರ್ಮಾನ ಮಾಡಿದಿರಿ ಎಂದು ಕೇಳುತ್ತಿದ್ದುದು ನಮಗೆಲ್ಲ ಕೇಳಿಸುತ್ತಿತ್ತು. ಭಾವ ಅಭ್ಯಾಸದಂತೆ ಕಿಟಕಿಯೊಳಗೆ ಕೈ ಚಾಚಿದರು. ಇಂಥ ಫೋನುಗಳನ್ನೆಲ್ಲ ನಮ್ಮನೆಯವರು ಅಣ್ಣನ ಕೈಗೇ ಕೊಡುವುದು. ಈ ಸಲ ನಮ್ಮನೆಯವರು ಆ ಕೈಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಫೋನಿಗೆ ಹೇಳಿದರು:

"ಒಂದ್ನಿಮಿಷ ಸಾರ್. ಗಾಡಿ ಓನರ್ ಇಲ್ಲೇ ಅವ್ರೆ, ಅವರನ್ನೇ ಕೇಳಿ."

ಹಿಂದಿನ ಸೀಟಿನಿಂದ ನನ್ನ ಭುಜದ ಮೇಲೆ ಫೋನು ಮುಂದಕ್ಕೆ ಬಂತು. ಭಾವ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಕಾರಿನ ಮಾಡಿನ ಮೇಲೆ ಇಟ್ಟುಕೊಂಡರು. ನಾನು ಫೋನನ್ನು ಕಿವಿಗಿಟ್ಟು, ಇಲ್ಲ ಸಾರ್, ಮಾರೋದಿಲ್ಲ ಎಂದು ಹೇಳಿದೆ. ಆಮೇಲೆ ಭಾವನಿಗೆ ಬಾಗಿಲು ತೆಗೆದುಕೊಟ್ಟು, ಶೆಟ್ಟಿಹಳ್ಳಿಗೆ ಬಿಟ್ಟು ಹೋಗುತ್ತೇನೆ ಕೂತುಕೊಳ್ಳಿ ಎಂದೆ. ಅವರು ಕೂತು ಬೆಲ್ಟು ಹಾಕಿಕೊಂಡರು.